ಇಂಜೆಕ್ಷನ್ ಬಂತು, ಅನುಪಮಾ ಇಲ್ಲ

ಸ್ತನ ಕ್ಯಾನ್ಸರ್ ಅಂತ ಗೊತ್ತಾದ ಹೆಂಗಸಿನ ಕೈಗೆ ಒಂದು ಲ್ಯಾಬ್ ರಿಪೋರ್ಟ್ ಬರುತ್ತೆ. ಗಂಟಿನಿಂದ ತೆಗೆದ ಚೂರಿಗೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ರಿಪೋರ್ಟ್. ಅದರಲ್ಲಿ ಮೂರು ಸಾಲು ಮುಖ್ಯ: ಇಆರ್, ಪಿಆರ್, ಹರ್-2. ಮೊದಲೆರಡು ಹಾರ್ಮೋನಿಗೆ ಸಂಬಂಧಪಟ್ಟವು. ಮೂರನೆಯದರ ಮುಂದೆ 0, 1+, 2+ ಅಥವಾ 3+ ಅಂತ ಇರುತ್ತೆ. ಮುಂದಿನ ಒಂದು ವರ್ಷದ ಚಿಕಿತ್ಸೆ, ಮನೆಯ ಲಕ್ಷಗಟ್ಟಲೆ ದುಡ್ಡು, ಕಾಯಿಲೆ ಮರಳಿ ಬರುತ್ತಾ ಇಲ್ವಾ ಅನ್ನೋ ಪ್ರಶ್ನೆ, ಎಲ್ಲವೂ ಆ ಒಂದು ಅಂಕಿಯನ್ನು ಅವಲಂಬಿಸಿರುತ್ತೆ.

ರಿಪೋರ್ಟ್ ಮಾತ್ರ ಪೂರ್ತಿ ಇಂಗ್ಲಿಷಿನಲ್ಲಿ. ಯಾರ ದೇಹದ ಚೂರನ್ನು ನೋಡಿ ಬರೆದರೋ ಅವಳಿಗೇ ಅದನ್ನು ಓದಕ್ಕೆ ಆಗಲ್ಲ. ಗಂಡ ಓದ್ತಾನೆ, ಮಗ ಗೂಗಲ್ ಮಾಡ್ತಾನೆ, ಅಳಿಯನ ಪರಿಚಯದ ಡಾಕ್ಟರಿಗೆ ವಾಟ್ಸಾಪ್‌ನಲ್ಲಿ ಫೋಟೋ ಹೋಗುತ್ತೆ. ಅವಳು ಮಾತ್ರ ಎಲ್ಲರ ಮುಖ ನೋಡ್ತಾ ಕೂತಿರ್ತಾಳೆ.

ಈ ಸ್ಥಿತಿಯನ್ನು ರಾಜಕೀಯ ಪ್ರಶ್ನೆಯಾಗಿ ನೋಡಿದ ಒಬ್ಬ ಡಾಕ್ಟರು ಕನ್ನಡದಲ್ಲಿದ್ದರು. ಹೆಣ್ಣಿಗೆ ತನ್ನ ದೇಹದ ಬಗ್ಗೆ ಅವಳದೇ ಭಾಷೆಯಲ್ಲಿ ತಿಳಿಯಬೇಕು, ಅದು ಯಾರೋ ಕೊಡುವ ಭಿಕ್ಷೆಯಲ್ಲ, ಅವಳ ಹಕ್ಕು ಅಂತ ನಂಬಿ, ಆ ನಂಬಿಕೆಗೆ ಮೂರು ದಶಕಕ್ಕೂ ಹೆಚ್ಚು ಕಾಲ ಬೆವರು ಸುರಿಸಿದವರು. ಡಾ. ಅನುಪಮಾ ನಿರಂಜನ. 1991ರ ಫೆಬ್ರವರಿಯಲ್ಲಿ, 56ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದಲೇ ತೀರಿಕೊಂಡರು. ನನ್ನ ವಯಸ್ಸಿನವರಿಗೆ ಅವರ ಹೆಸರು ಅಮ್ಮನ ಬೀರುವಿನಲ್ಲಿದ್ದ ಪುಸ್ತಕದ ರಟ್ಟಿನ ಮೇಲಿನ ಹೆಸರು. ನಮಗಿಂತ ಚಿಕ್ಕವರಿಗೆ ಅದೂ ಗೊತ್ತಿಲ್ಲ. ಅವರ ಬದುಕನ್ನು ಇವತ್ತು ಮತ್ತೆ ಹೇಳಬೇಕು ಅನ್ನಿಸಿದ್ದು ಈ ಹರ್-2 ಅನ್ನೋ ಮೂರನೇ ಸಾಲಿನಿಂದ.

ತೀರ್ಥಹಳ್ಳಿಯ ವೆಂಕಟಲಕ್ಷ್ಮಿ

1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದಾಗ ಇಟ್ಟ ಹೆಸರು ವೆಂಕಟಲಕ್ಷ್ಮಿ. ಅನುಪಮಾ ಅನ್ನೋದು ಬರವಣಿಗೆಗೆ ಇಟ್ಟುಕೊಂಡದ್ದು, ಕೊನೆಗೆ ಅದೇ ಉಳಿಯಿತು. ಮಲೆನಾಡಿನ ಹುಡುಗಿ ಡಾಕ್ಟರಿಕೆ ಓದಲು ಬಂದದ್ದು ನಮ್ಮ ಮೈಸೂರಿಗೆ.

ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಇಲ್ಲಿಗೆ ಬಂತು. 2024ಕ್ಕೆ ನೂರು ತುಂಬಿತು. ಕೆ.ಆರ್. ಆಸ್ಪತ್ರೆ, ಹೆಂಗಸರು ಮಕ್ಕಳಿಗಾಗಿ ಇರುವ ಚೆಲುವಾಂಬ, ಇವೇ ಆ ಕಾಲೇಜಿನ ಪಾಠಶಾಲೆಗಳು. ಇನ್ನೊಂದು ಸಂಗತಿ ಮೈಸೂರಿನವರೇ ಮರೆತಿದ್ದಾರೆ: 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಜಗತ್ತಿನಲ್ಲೇ ಒಂದು ಸರ್ಕಾರ ಹೀಗೆ ಮಾಡಿದ್ದು ಅದೇ ಮೊದಲು ಅಂತ ಹೇಳುತ್ತಾರೆ. ಅಂದರೆ ಹೆಣ್ಣಿನ ದೇಹ ಸರ್ಕಾರದ ವಿಷಯವೂ ಹೌದು ಅನ್ನೋದು ಈ ಊರಿಗೆ ಮೊದಲೇ ಗೊತ್ತಿತ್ತು. ಆದರೆ ಆದೇಶ ಒಂದು ಕಡೆ, ಮನೆಯೊಳಗಿನ ಮಾತು ಇನ್ನೊಂದು ಕಡೆ. ಸರ್ಕಾರ ಕ್ಲಿನಿಕ್ ಬಾಗಿಲು ತೆರೆದಿಡಬಹುದು. ಬಾಗಿಲವರೆಗೆ ಬಂದವಳು ಬಾಯಿ ಬಿಟ್ಟು ಏನಂತ ಹೇಳಬೇಕು?

ಆ ಕಾಲದಲ್ಲಿ ಡಾಕ್ಟರಿಕೆ ಓದಿದ ಹೆಣ್ಣುಮಕ್ಕಳು ಕಡಿಮೆ. ಓದಿದವರ ಮುಂದೆ ಒಂದು ಒಳ್ಳೆ ದಾರಿ ಇತ್ತು: ಪ್ರಾಕ್ಟೀಸು, ಮನೆ, ಗೌರವ. ಅನುಪಮಾ ಅದರ ಜೊತೆಗೆ ಪೆನ್ನನ್ನೂ ಹಿಡಿದರು. ಮದುವೆಯಾದದ್ದು ನಿರಂಜನರನ್ನು. ಕುಳಕುಂದ ಶಿವರಾಯ ಅನ್ನೋ ಹೆಸರಿನ, ಪ್ರಗತಿಶೀಲ ಚಳವಳಿಯ, ಕಮ್ಯುನಿಸ್ಟ್ ಲೇಖಕ. ಕಾಸರಗೋಡಿನ ಕಡೆಯ ಕಯ್ಯೂರಿನ ರೈತ ಹೋರಾಟವನ್ನೂ 1943ರಲ್ಲಿ ಗಲ್ಲಿಗೇರಿದ ನಾಲ್ವರನ್ನೂ ‘ಚಿರಸ್ಮರಣೆ’ ಕಾದಂಬರಿಯಲ್ಲಿ ಕನ್ನಡಕ್ಕೆ ತಂದವರು. ಇಬ್ಬರು ಹೆಣ್ಣುಮಕ್ಕಳಾದರು, ತೇಜಸ್ವಿನಿ ಮತ್ತು ಸೀಮಂತಿನಿ. ಇಬ್ಬರೂ ಮುಂದೆ ಹೆಣ್ಣು, ಸಂಸ್ಕೃತಿ, ಸಮಾಜದ ಬಗ್ಗೆ ಗಂಭೀರವಾಗಿ ಬರೆದ ವಿದ್ವಾಂಸರಾದರು.

ಗಂಡ ಬರಹವನ್ನೇ ನಂಬಿದವರು, ಹೆಂಡತಿ ಡಾಕ್ಟರು. ಧಾರವಾಡದಲ್ಲಿ ಕೆಲವು ವರ್ಷ, ಆಮೇಲೆ ಬೆಂಗಳೂರಿನಲ್ಲಿ ಅನುಪಮಾ ಪ್ರಾಕ್ಟೀಸ್ ಮಾಡಿದರು. ಮುಂದೆ ನಿರಂಜನರಿಗೆ ಪಾರ್ಶ್ವವಾಯು ಹೊಡೆಯಿತು. ಆ ಸ್ಥಿತಿಯಲ್ಲೂ ಅವರು 25 ಸಂಪುಟಗಳ ‘ವಿಶ್ವಕಥಾಕೋಶ’ದ ಸಂಪಾದಕರಾಗಿ ದುಡಿದರು ಅಂತ ಕನ್ನಡ ಸಾಹಿತ್ಯ ಲೋಕ ಮೆಚ್ಚಿ ನೆನೆಯುತ್ತೆ. ನೆನೆಯಬೇಕಾದದ್ದೇ. ಆದರೆ ಆ ಮನೆಯಲ್ಲಿ ರೋಗಿಗಳನ್ನು ನೋಡಿಕೊಂಡು, ಮಕ್ಕಳನ್ನು ಬೆಳೆಸಿಕೊಂಡು, ಮಲಗಿದ ಗಂಡನ ಆರೈಕೆಯನ್ನೂ ಮಾಡಿಕೊಂಡು, ಅದರ ನಡುವೆಯೇ ಕಾದಂಬರಿ ಬರೆದವರ ದಿನಕ್ಕೆ ಎಷ್ಟು ಗಂಟೆ ಇತ್ತು ಅಂತ ಯಾರೂ ಲೆಕ್ಕ ಹಾಕಲ್ಲ. ಆರೈಕೆ ಅನ್ನೋ ಕೆಲಸಕ್ಕೆ ಸಂಪುಟ ಸಂಖ್ಯೆ ಇರಲ್ಲ.

ಕ್ಲಿನಿಕ್‌ನಿಂದ ಪುಸ್ತಕಕ್ಕೆ

ಅವರ ಕಾದಂಬರಿಗಳು ಹಲವು. ‘ಋಣಮುಕ್ತಳು’ ಪುಟ್ಟಣ್ಣ ಕಣಗಾಲರ ಕೈಯಲ್ಲಿ 1984ರಲ್ಲಿ ಸಿನಿಮಾ ಆಯಿತು. ಮಕ್ಕಳಿಗೆ ‘ದಿನಕ್ಕೊಂದು ಕಥೆ’ ಬರೆದರು, ವರ್ಷದ ಪ್ರತಿ ದಿನಕ್ಕೆ ಒಂದರಂತೆ, ತಿಂಗಳಿಗೊಂದು ಸಂಪುಟ, ಒಟ್ಟು 12. ಆದರೆ ಕನ್ನಡದ ಸಾಮಾನ್ಯ ಮನೆಗಳಿಗೆ ಅವರು ಹೋದದ್ದು ಬೇರೆ ಪುಸ್ತಕಗಳ ಮೂಲಕ: ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’.

ಈ ಹೆಸರುಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿ. ಕಿಶೋರಿ, ವಧು, ದಂಪತಿ, ತಾಯಿ. ಇವತ್ತಿನ ಓದುಗರಿಗೆ ತಕ್ಷಣ ಒಂದು ತಕರಾರು ಬರುತ್ತೆ. ಮದುವೆ ಆಗದವಳು ಎಲ್ಲಿ? ಮಕ್ಕಳು ಬೇಡ ಅಂದವಳು ಎಲ್ಲಿ? ಹೆಣ್ಣನ್ನು ಯಾವಾಗಲೂ ಇನ್ನೊಬ್ಬರ ಸಂಬಂಧದಲ್ಲೇ ಹೆಸರಿಸಬೇಕಾ? ತಕರಾರು ಸರಿಯಾದದ್ದೇ. ಅದನ್ನು ನಾನು ತಳ್ಳಿಹಾಕಲ್ಲ.

ಆದರೆ ಆ ಕಾಲದ ಮನೆಯ ಬಾಗಿಲನ್ನು ನೆನಪಿಸಿಕೊಳ್ಳಿ. ಋತುಚಕ್ರ, ಗರ್ಭ, ಸಂಭೋಗ ಅನ್ನೋ ಪದಗಳಿರುವ ಪುಸ್ತಕ ಒಬ್ಬ ಹುಡುಗಿಯ ಕೈಗೆ ನೇರವಾಗಿ ಹೇಗೆ ಬರಬೇಕು? ಮದುವೆಯ ಉಡುಗೊರೆಯಾಗಿ ಬರಬಹುದು. ಅತ್ತಿಗೆ ಕೊಡಬಹುದು, ಗೆಳತಿ ಕೊಡಬಹುದು. ‘ವಧುವಿಗೆ’ ಅಂತ ಹೆಸರಿಟ್ಟರೆ ಮಾವನ ಮನೆಯ ಹಾಲ್‌ನಲ್ಲೂ ಇಡಬಹುದು. ಕುಂಕುಮ ಅರಿಶಿನದ ತಟ್ಟೆಯಲ್ಲಿ ದೇಹವಿಜ್ಞಾನವನ್ನು ಇಟ್ಟು ಒಳಗೆ ಕಳಿಸಿದ ಹಾಗೆ. ಇದನ್ನು ರಾಜಿ ಅನ್ನಬಹುದು. ನನಗೆ ಇದು ಒಳ್ಳೆ ಸಂಘಟಕರ ಬುದ್ಧಿ ಅನ್ನಿಸುತ್ತೆ. ಎಲ್ಲಿ ಸಂದು ಇದೆಯೋ ಅಲ್ಲಿಂದಲೇ ಒಳಗೆ ಹೋಗೋದು.

‘ಸಂಹಿತೆ’ ಅನ್ನೋ ಪದವನ್ನೂ ಗಮನಿಸಿ. ಚರಕ ಸಂಹಿತೆ, ಸುಶ್ರುತ ಸಂಹಿತೆ ಅಂತ ಗಂಡಸರ ಹೆಸರಿನ ಜೊತೆಗೇ ಕೇಳಿದ್ದ ಪದ ಅದು. ಅದನ್ನು ಎತ್ತಿಕೊಂಡು ಹೆಣ್ಣಿನ ಆರೋಗ್ಯದ ಪುಸ್ತಕಕ್ಕೆ ಇಟ್ಟರು.

ಮೇಲಿನಿಂದ ನೋಡಿದರೆ ಇದೆಲ್ಲ ಸಣ್ಣ ಕೆಲಸ. ವಿಮರ್ಶಕರು ಕಾದಂಬರಿಗಳ ಬಗ್ಗೆ ಬರೆಯುತ್ತಾರೆ, ಆರೋಗ್ಯದ ಪುಸ್ತಕಗಳನ್ನು ಕೃತಿಪಟ್ಟಿಯ ಕೊನೆಗೆ ತಳ್ಳುತ್ತಾರೆ. ಕನ್ನಡದಲ್ಲಿ ಈ ಮಾತನ್ನು ಕಟ್ಟೋದು ಎಷ್ಟು ಕಷ್ಟ ಅಂತ ಗೊತ್ತಾಗಬೇಕಾದರೆ ಒಂದೇ ಪದ ಸಾಕು. ಸ್ತನ ಅನ್ನೋದು ಪುಸ್ತಕದ ಪದ, ಮನೆಯಲ್ಲಿ ಯಾರೂ ಆಡಲ್ಲ. ಮೊಲೆ ಅನ್ನೋದು ಅಚ್ಚಗನ್ನಡ, ಆದರೆ ಬೈಗುಳದ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಮೊಲೆಹಾಲು ಅಂದರೆ ಪವಿತ್ರ, ಬರೀ ಮೊಲೆ ಅಂದರೆ ಅಶ್ಲೀಲ. ಮಗುವಿಗೆ ಕೊಡುವವರೆಗೆ ಆ ಅಂಗಕ್ಕೆ ಮರ್ಯಾದೆ, ಅದು ಅವಳದ್ದು ಅನ್ನುವಾಗ ನಾಚಿಕೆ. ಹಾಗಾಗಿ ಹೆಂಗಸರು ಎದೆ ಅನ್ನುತ್ತಾರೆ. ಎದೆ ಅಂದರೆ ಹೃದಯವೂ ಹೌದು, ಧೈರ್ಯವೂ ಹೌದು. ಎದೇಲಿ ಏನೋ ಆಗಿದೆ ಅಂತ ಹೇಳಿದವಳಿಗೆ ಮನೆಯವರು ಗ್ಯಾಸ್ ಮಾತ್ರೆ ಕೊಟ್ಟರೆ ಆಶ್ಚರ್ಯವಿಲ್ಲ. ಗಂಟು ಮುಟ್ಟಿ ನೋಡಿಕೊಂಡ ದಿನಕ್ಕೂ ಡಾಕ್ಟರ ಮುಂದೆ ಕೂತ ದಿನಕ್ಕೂ ನಡುವೆ ತಿಂಗಳುಗಳು ಕಳೆದುಹೋಗೋದು ಹೀಗೆ. ನೋವಿಲ್ಲದ ಗಂಟು ಬೇರೆ. ನೋವಿಲ್ಲ ಅಂದರೆ ಏನೂ ಇಲ್ಲ ಅಂತ ನಾವು ಅಂದುಕೊಳ್ತೀವಿ. ಸ್ತನ ಕ್ಯಾನ್ಸರ್ ಬಹಳ ಸಲ ನೋವಿಲ್ಲದೇ ಬರುತ್ತೆ.

ಅನುಪಮಾ ಮಾಡಿದ್ದು ಈ ಮೌನದ ಜಾಗದಲ್ಲಿ ಒಂದು ಮರ್ಯಾದಸ್ಥ, ಸ್ಪಷ್ಟ ಕನ್ನಡವನ್ನು ಕಟ್ಟಿದ್ದು.

ಮಾಧವಿಯ ಲೆಕ್ಕ

1976ರ ‘ಮಾಧವಿ’ ಅವರ ಕಾದಂಬರಿಗಳಲ್ಲಿ ನನಗೆ ಹೆಚ್ಚು ಕಾಡುವಂಥದ್ದು. ಮೂಲ ಮಹಾಭಾರತದ ಕಥೆ. ಗಾಲವನಿಗೆ ಗುರುದಕ್ಷಿಣೆಯಾಗಿ ಒಂದು ಕಿವಿ ಮಾತ್ರ ಕಪ್ಪಾದ 800 ಬಿಳಿ ಕುದುರೆಗಳನ್ನು ತರಬೇಕು. ಯಯಾತಿಯ ಹತ್ತಿರ ಹೋಗುತ್ತಾನೆ. ಯಯಾತಿ ಹತ್ತಿರ ಕುದುರೆ ಇಲ್ಲ, ಮಗಳು ಮಾಧವಿ ಇದ್ದಾಳೆ, ಕೊಟ್ಟುಬಿಡುತ್ತಾನೆ. ಗಾಲವ ಅವಳನ್ನು ಮೂರು ರಾಜರ ಹತ್ತಿರ ಒಬ್ಬರಾದ ಮೇಲೆ ಒಬ್ಬರಂತೆ ಬಿಡುತ್ತಾನೆ. ಒಂದು ಗಂಡುಮಗುವಿಗೆ 200 ಕುದುರೆ. ಮೂರು ಮಗು, 600 ಕುದುರೆ. ಉಳಿದ 200ರ ಬದಲಿಗೆ ಅವಳನ್ನೇ ಗುರು ವಿಶ್ವಾಮಿತ್ರನಿಗೆ ಒಪ್ಪಿಸುತ್ತಾನೆ. ಎಲ್ಲರ ಧರ್ಮವೂ ಉಳಿಯುತ್ತೆ. ತಂದೆಯ ದಾನ, ಶಿಷ್ಯನ ಋಣ, ರಾಜರ ವಂಶ, ಗುರುವಿನ ದಕ್ಷಿಣೆ. ಮಾಧವಿಯನ್ನು ಯಾರೂ ಕೇಳಿರಲಿಲ್ಲ.

ಒಬ್ಬ ಡಾಕ್ಟರು ಈ ಕಥೆಯನ್ನೇ ಯಾಕೆ ಆರಿಸಿಕೊಂಡರು ಅಂತ ಊಹಿಸೋದು ಕಷ್ಟವಲ್ಲ. ಹೆರಿಗೆಯ ಲೆಕ್ಕ, ಗಂಡುಮಗುವಿನ ಲೆಕ್ಕ, ಯಾರ ಸಹಿ ಬೇಕು ಅನ್ನೋ ಲೆಕ್ಕ, ಇದನ್ನೆಲ್ಲ ಡಾಕ್ಟರುಗಳು ದಿನವೂ ನೋಡುತ್ತಾರೆ. ಹೆಣ್ಣಿನ ದೇಹ ಎಲ್ಲರ ಲೆಕ್ಕದ ಪುಸ್ತಕದಲ್ಲೂ ಇರುತ್ತೆ, ಅವಳ ಕೈಯಲ್ಲಿ ಮಾತ್ರ ಆ ಪುಸ್ತಕ ಇರಲ್ಲ.

ಅವರು ಹೋದಾಗ ಏನಿತ್ತು

ಬೆಂಗಳೂರಿನಲ್ಲಿ ಕಿದ್ವಾಯಿ ಗ್ರಂಥಿ ಸಂಸ್ಥೆ ಶುರುವಾದದ್ದು 1973ರಲ್ಲಿ. ಅಲ್ಲಿಯ ಕ್ಯಾನ್ಸರ್ ನೋಂದಣಿ 1982ರಿಂದ ಶುರು. ಎಂಬತ್ತರ ದಶಕದಲ್ಲಿ ಸ್ತನ ಕ್ಯಾನ್ಸರ್‌ಗೆ ಇದ್ದದ್ದು ಆಪರೇಷನ್, ನಮ್ಮ ಜನ ಕರೆಂಟ್ ಕೊಡೋದು ಅನ್ನೋ ರೇಡಿಯೇಷನ್, ಕೀಮೋ, ಹಾರ್ಮೋನ್ ತಡೆಯೋ ಟಾಮಾಕ್ಸಿಫೆನ್ ಮಾತ್ರೆ. ಕ್ಯಾನ್ಸರ್ ಅಂದರೆ ಹೆಸರು ಹೇಳದೆ ಅದೇ ಕಾಯಿಲೆ ಅಂತ ಪಿಸುಗುಟ್ಟುವ ಕಾಲ. ಅಂಥ ಕಾಲದಲ್ಲಿ ಅನುಪಮಾಗೆ ಕ್ಯಾನ್ಸರ್ ಬಂತು. 1991ರಲ್ಲಿ ಹೋದರು. ಮರುವರ್ಷ ನಿರಂಜನರೂ ಹೋದರು.

ಸತ್ತವರ ಮೆಡಿಕಲ್ ಫೈಲ್ ಬಿಚ್ಚಿ, ಈಗಿನ ಔಷಧ ಆಗ ಇದ್ದಿದ್ದರೆ ಉಳಿಯುತ್ತಿದ್ದರಾ ಅಂತ ಕೇಳೋದು ನನ್ನ ಉದ್ದೇಶವಲ್ಲ. ಕ್ಯಾನ್ಸರ್ ಅನ್ನೋದು ಒಂದೇ ಕಾಯಿಲೆಯೂ ಅಲ್ಲ. ನನಗೆ ಮುಖ್ಯವಾದದ್ದು ಅವರು ಹೋದ ಹೊತ್ತಿಗೆ ಭೂಮಿಯ ಇನ್ನೊಂದು ತುದಿಯಲ್ಲಿ ಏನು ಆಗುತ್ತಿತ್ತು, ಆಮೇಲೆ ಅದು ಇಲ್ಲಿಗೆ ಬಂದಾಗ ಏನು ಬರಲಿಲ್ಲ ಅನ್ನೋದು.

1987ರಲ್ಲಿ ಲಾಸ್ ಏಂಜಲೀಸ್‌ನ ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 189 ಹೆಂಗಸರ ಸ್ತನದ ಗೆಡ್ಡೆಗಳನ್ನು ಪರೀಕ್ಷಿಸಿ ಒಂದು ಸಂಗತಿ ಪ್ರಕಟಿಸಿದರು. ಕೆಲವರ ಗೆಡ್ಡೆಯಲ್ಲಿ ಹರ್-2 ಅನ್ನೋ ಒಂದು ಜೀನ್ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು, ಅಂಥವರಲ್ಲಿ ಕಾಯಿಲೆ ಬೇಗ ಮರಳುತ್ತಿತ್ತು. ಇಂಜಿನಿಯರಿಂಗ್ ಓದಿದ ನನಗೆ ಇದನ್ನು ಹೀಗೆ ವಿವರಿಸಿಕೊಂಡರೆ ಅರ್ಥವಾಗುತ್ತೆ: ಪ್ರತಿ ಜೀವಕೋಶದ ಮೇಲೂ ಬೆಳೆ ಅನ್ನೋ ಸಿಗ್ನಲ್ ಹಿಡಿಯೋ ಆಂಟೆನಾಗಳಿರುತ್ತವೆ. ಹದವಾಗಿದ್ದರೆ ತೊಂದರೆ ಇಲ್ಲ. ಹರ್-2 ಪಾಸಿಟಿವ್ ಕೋಶದ ತಾರಸಿಯಲ್ಲಿ ಕಾಲಿಡಲೂ ಜಾಗವಿಲ್ಲದ ಹಾಗೆ ಆಂಟೆನಾಗಳೇ. ದಿನವಿಡೀ ಸಿಗ್ನಲ್, ದಿನವಿಡೀ ಬೆಳವಣಿಗೆ. ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 15ರಿಂದ 20 ಶೇಕಡ ಈ ಬಗೆಯವು.

ಟ್ರಾಸ್ಟುಜುಮಾಬ್ ಅನ್ನೋ ಇಂಜೆಕ್ಷನ್ ಹೋಗಿ ಕೂರೋದು ಈ ಆಂಟೆನಾ ಮೇಲೆಯೇ. ಸಿಗ್ನಲ್ ತಡೆಯುತ್ತೆ, ಜೊತೆಗೆ ದೇಹದ ರಕ್ಷಣಾಪಡೆಗೆ ಇಲ್ಲಿದ್ದಾನೆ ನೋಡಿ ಅಂತ ಗುರುತು ಹಾಕಿಕೊಡುತ್ತೆ. ಕೀಮೋ ಹಾಗೆ ಕಂಡ ಕಂಡ ಕೋಶವನ್ನೆಲ್ಲ ಹೊಡೆಯಲ್ಲ. ಇದನ್ನೇ ಟಾರ್ಗೆಟೆಡ್ ಥೆರಪಿ ಅನ್ನೋದು. ಮನುಷ್ಯರ ಮೇಲಿನ ಪ್ರಯೋಗ ಶುರುವಾದದ್ದು 1992ರಲ್ಲಿ, ಅನುಪಮಾ ತೀರಿಕೊಂಡ ಮರುವರ್ಷ. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಆರಂಭದ ಹಂತದಲ್ಲೇ ಕೀಮೋ ಜೊತೆ ಕೊಟ್ಟರೆ ಕಾಯಿಲೆ ಮರಳುವ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ ಅಂತ 2005ರ ಹೊತ್ತಿಗೆ ದೊಡ್ಡ ಅಧ್ಯಯನಗಳು ತೋರಿಸಿದವು. ಅಡ್ಡಪರಿಣಾಮ ಇಲ್ಲವೇ ಇಲ್ಲ ಅಂತಲ್ಲ. ಕೆಲವರ ಹೃದಯದ ಬಲ ಕುಗ್ಗಬಹುದು, ಅದಕ್ಕೇ ಆಗಾಗ ಎಕೋ ಮಾಡಿಸಬೇಕು.

ಈ ಔಷಧವೂ ಸುಮ್ಮನೆ ಲ್ಯಾಬ್‌ನಿಂದ ನಡೆದುಕೊಂಡು ಬರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾರ್ಟಿ ನೆಲ್ಸನ್ ಅನ್ನೋ ಸ್ತ್ರೀರೋಗ ತಜ್ಞೆ, ಅಂದರೆ ಅವರೂ ಡಾಕ್ಟರೇ, ಪ್ರಯೋಗದ ಹಂತದಲ್ಲಿದ್ದ ಈ ಔಷಧಕ್ಕಾಗಿ ಕೇಳಿದರು. ಹರ್-2 ಪರೀಕ್ಷೆ ಆಗಿದ್ದೇ ತಡವಾಗಿ. 1994ರಲ್ಲಿ ತೀರಿಕೊಂಡರು. ಅವರ ಗೆಳತಿಯರು ಶವಯಾತ್ರೆಯ ಹಾಗೆ ಕಾರುಗಳಲ್ಲಿ ಔಷಧ ಕಂಪನಿಯ ಅಂಗಳಕ್ಕೇ ನುಗ್ಗಿ ಪ್ರತಿಭಟಿಸಿದರು. ಅವರು ಹಾಗೆ ನುಗ್ಗಲು ಸಾಧ್ಯವಾದದ್ದು ಯಾಕೆ? ಅವರಿಗೆ ಹರ್-2 ಅಂದರೇನು ಅಂತ ಗೊತ್ತಿತ್ತು. ಹೆಸರೇ ಗೊತ್ತಿಲ್ಲದ್ದನ್ನು ಕೇಳಿ ಪ್ರತಿಭಟನೆ ಮಾಡಕ್ಕೆ ಆಗಲ್ಲ.

ಬೆಂಗಳೂರಿನ ಬಾಟಲಿ

ಭಾರತದಲ್ಲಿ ಬಹಳ ಕಾಲ ಇದರ ಒಂದು ಬಾಟಲಿಗೆ ಲಕ್ಷ ರೂಪಾಯಿ ದಾಟಿತ್ತು. 2012-13ರಲ್ಲಿ ರೋಗಿಗಳು, ಮಹಿಳಾ ಹೋರಾಟಗಾರರು, ಆರೋಗ್ಯ ಕಾರ್ಯಕರ್ತರು ಬೆಲೆ ಇಳಿಸಿ ಅಂತ ಅಭಿಯಾನ ನಡೆಸಿದರು. ಕಡ್ಡಾಯ ಪರವಾನಗಿಯ ಮಾತು ಕೇಂದ್ರ ಸರ್ಕಾರದೊಳಗೂ ನಡೆಯಿತು. ಈ ಒತ್ತಡದ ನಡುವೆ ರೋಶ್ ಕಂಪನಿ ಮೊದಲು ಬೆಲೆ ಇಳಿಸಿತು, 2013ರಲ್ಲಿ ಭಾರತದ ಪೇಟೆಂಟನ್ನು ಕೈಬಿಟ್ಟಿತು. 2014ರ ಆರಂಭದಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ತನ್ನ ಕ್ಯಾನ್‌ಮ್ಯಾಬ್ ಬಿಡುಗಡೆ ಮಾಡಿತು. 440 ಮಿಲಿಗ್ರಾಂ ಬಾಟಲಿಗೆ 57,500 ರೂಪಾಯಿ. ರೋಶ್ ದೆಹಲಿ ಹೈಕೋರ್ಟಿಗೆ ಹೋಯಿತು. ಆದರೂ ಬೆಂಗಳೂರಿನ ಔಷಧ ನಿಂತಿತು. 2017ರ ಡಿಸೆಂಬರಿನಲ್ಲಿ ಬಯೋಕಾನ್ ಮತ್ತು ಮೈಲಾನ್ ಸೇರಿ ತಯಾರಿಸಿದ ಇದೇ ಔಷಧಕ್ಕೆ ಅಮೆರಿಕದಲ್ಲೂ ಅನುಮತಿ ಸಿಕ್ಕಿತು, ಅಲ್ಲಿ ಈ ಬಗೆಯ ಮೊದಲ ಟ್ರಾಸ್ಟುಜುಮಾಬ್ ಬಯೋಸಿಮಿಲರ್ ಅದೇ.

ಹೆಮ್ಮೆ ಪಡಬೇಕಾದದ್ದೇ. ಆದರೆ ಲೆಕ್ಕ ಹಾಕೋ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. 60 ಕೆ.ಜಿ. ತೂಕದ ಒಬ್ಬ ಹೆಂಗಸಿಗೆ ಮೊದಲ ಡೋಸು ಕೆ.ಜಿ.ಗೆ 8 ಮಿಲಿಗ್ರಾಂನಂತೆ 480. ಆಮೇಲೆ ಮೂರು ವಾರಕ್ಕೊಮ್ಮೆ ಕೆ.ಜಿ.ಗೆ 6ರಂತೆ 360, ಹೀಗೆ 17 ಸಲ. ಒಟ್ಟು 6,600 ಮಿಲಿಗ್ರಾಂ. ಹನಿಯೂ ಹಾಳಾಗದಿದ್ದರೆ 15 ಬಾಟಲಿ. 2014ರ ಅಗ್ಗದ ಬೆಲೆಯಲ್ಲೇ 8,62,500 ರೂಪಾಯಿ. ಆಪರೇಷನ್, ಕೀಮೋ, ಬಸ್ ಚಾರ್ಜು, ಕಳೆದುಕೊಂಡ ಕೂಲಿ ಬೇರೆ.

ಈಗ ಹಲವು ಕಂಪನಿಗಳು ಈ ಔಷಧ ಮಾಡುತ್ತವೆ, ಬೆಲೆ ಇನ್ನೂ ಇಳಿದಿದೆ, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೂ ಸೇರಿತು. ಗಂಟೆಗಟ್ಟಲೆ ಡ್ರಿಪ್ ಹಾಕಿಸಿಕೊಳ್ಳುವ ಬದಲು ಎರಡು ಔಷಧ ಒಂದೇ ಸಲ ಚರ್ಮದಡಿಗೆ ಕೆಲವೇ ನಿಮಿಷದಲ್ಲಿ ಕೊಡುವ ಇಂಜೆಕ್ಷನ್ ಕೂಡ ಬಂದಿದೆ. ಹರ್-2 ಕಂಡುಹಿಡಿದು ಕೀಮೋವನ್ನು ಕೋಶದೊಳಕ್ಕೇ ಸಾಗಿಸುವ ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್‌ಗೆ 2024ರ ಜುಲೈ ಬಜೆಟ್‌ನಲ್ಲಿ ಕಸ್ಟಮ್ಸ್ ಸುಂಕ ತೆಗೆದರು. ಹೊಸದಕ್ಕೆ ಮತ್ತೆ ಹಳೆಯ ಪ್ರಶ್ನೆ: ಬೆಲೆ ಎಷ್ಟು, ಯಾರ ಕೈಗೆ ಎಟಕುತ್ತೆ?

ಬೆಲೆಯ ಹೋರಾಟ ನಮ್ಮ ತಲೆಮಾರಿಗೆ ಅರ್ಥವಾಗುತ್ತೆ. ಪೇಟೆಂಟ್, ಲಾಬಿ, ಸುಂಕ, ಇವೆಲ್ಲ ಟ್ವೀಟ್ ಮಾಡಲು ಬರುತ್ತವೆ. ಆದರೆ ಬೆಲೆ ಇಳಿದ ಔಷಧ ಒಬ್ಬಳ ತೋಳಿಗೆ ತಲುಪುವ ಮುಂಚೆ ಏನೇನು ಆಗಬೇಕು ನೋಡಿ. ಅವಳು ಗಂಟನ್ನು ಮುಟ್ಟಿ ಗುರುತಿಸಬೇಕು. ನಾಚಿಕೆ ಬಿಟ್ಟು ಹೇಳಬೇಕು. ಮನೆಯವರು ಕೇಳಿಸಿಕೊಳ್ಳಬೇಕು. ಬಯಾಪ್ಸಿ ಆಗಬೇಕು. ಹರ್-2 ಪರೀಕ್ಷೆ ಆಗಬೇಕು. 2+ ಬಂದರೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ, ಫಿಶ್ ಅನ್ನೋ ಇನ್ನೊಂದು ಪರೀಕ್ಷೆ ಮಾಡಿಸಬೇಕು ಅಂತ ಯಾರಾದರೂ ಅವಳಿಗೆ ಹೇಳಬೇಕು. ಇದರಲ್ಲಿ ಒಂದೊಂದು ಮೆಟ್ಟಿಲೂ ಮಾತಿನಿಂದ ಆದದ್ದು. ಒಂದು ಮೆಟ್ಟಿಲು ತಪ್ಪಿದರೂ ಬೆಂಗಳೂರಿನ ಬಾಟಲಿ ಬೆಂಗಳೂರಿನಲ್ಲೇ ಇರುತ್ತೆ.

ನಮ್ಮ ಬೀದಿಯಲ್ಲಿ ಇಂಗ್ಲಿಷ್ ಬರುತ್ತೆ, ಪೇಪರಿನವರು ಅನ್ನೋ ಕಾರಣಕ್ಕೆ ಇಂಥ ರಿಪೋರ್ಟುಗಳನ್ನು ನನ್ನ ಹತ್ತಿರ ತರುತ್ತಾರೆ. ನಾನು ಡಾಕ್ಟರಲ್ಲ, ಡಾಕ್ಟರನ್ನೇ ಕೇಳಿ ಅಂತ ಹೇಳಿ, ಇರೋ ಸಾಲನ್ನು ಕನ್ನಡದಲ್ಲಿ ಓದಿ ಹೇಳ್ತೀನಿ. ಗಮನಿಸಿದ್ದು ಒಂದೇ. ಮನೆಯವರು ಕೇಳೋ ಮೊದಲ ಪ್ರಶ್ನೆ ಖರ್ಚು ಎಷ್ಟಾಗುತ್ತೆ ಅಂತ. ಆ ಹೆಂಗಸು ಆಡೋ ಮೊದಲ ಮಾತು, ನಂಗ್ಯಾಕೆ ಅಷ್ಟೊಂದು ಖರ್ಚು, ಬೇಡ ಬಿಡಿ ಅಂತ. ಮಗನ ಫೀಸು, ಮಗಳ ಮದುವೆ, ಮನೆ ಸಾಲ, ಇವುಗಳ ಕೆಳಗೆ ಕೊನೆಯ ಸಾಲಿನಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಂಡು, ತಾನೇ ಹೊಡೆದುಹಾಕುತ್ತಾಳೆ. ಮಾಧವಿಯನ್ನು ಯಾರೂ ಕೇಳಲಿಲ್ಲ. ಇವಳನ್ನು ಕೇಳಿದರೂ ಎಲ್ಲರ ಪರವಾಗಿ ತನ್ನ ವಿರುದ್ಧವೇ ಉತ್ತರ ಕೊಡುತ್ತಾಳೆ. ಅಷ್ಟು ಚೆನ್ನಾಗಿ ಕಲಿಸಿದ್ದೇವೆ.

ಉಳಿದ ಅರ್ಧ ಕೆಲಸ

ಅನುಪಮಾ ಹೆಸರಿನಲ್ಲಿ ಕರ್ನಾಟಕ ಲೇಖಕಿಯರ ಸಂಘ ಪ್ರಶಸ್ತಿ ಕೊಡುತ್ತೆ. ಒಳ್ಳೆಯದೇ. ಆದರೆ ಅವರು ಬಿಟ್ಟುಹೋದ ಕೆಲಸ ಸಾಹಿತ್ಯದ ವೇದಿಕೆಯಲ್ಲಿ ಮಾತ್ರ ಇಲ್ಲ, ಆಸ್ಪತ್ರೆಯ ಓಪಿಡಿಯಲ್ಲೂ ಇದೆ. ಹಾಗಂತ ಅವರನ್ನು ವ್ಯಕ್ತಿಪೂಜೆ ಮಾಡೋದೂ ಬೇಡ. ಪುಸ್ತಕ ಓದಲು ಬಂದವರಿಗೆ ಮಾತ್ರ ಪುಸ್ತಕ ತಲುಪುತ್ತೆ. ಓದು ಬಾರದ, ಬೀದಿ ಗುಡಿಸೋ, ತೋಟದಲ್ಲಿ ದುಡಿಯೋ ಹೆಂಗಸಿಗೆ ‘ದಾಂಪತ್ಯ ದೀಪಿಕೆ’ಯ ಬೆಳಕು ಎಷ್ಟು ಬಿತ್ತು ಅನ್ನೋದು ಕೇಳಲೇಬೇಕಾದ ಪ್ರಶ್ನೆ. ಅವರ ಕಾಲಕ್ಕೆ ಇದ್ದ ಸಾಧನ ಅಚ್ಚಿನ ಮೊಳೆ. ನಮ್ಮ ಹತ್ತಿರ ಫೋನಿದೆ, ವಿಡಿಯೋ ಇದೆ, ಆಶಾ ಕಾರ್ಯಕರ್ತೆಯರ ಜಾಲ ಇದೆ. ಇಲ್ಲದಿರೋದು ಕೂತು ಕನ್ನಡ ಕಟ್ಟುವ ತಾಳ್ಮೆ.

ವಾಟ್ಸಾಪ್‌ನಲ್ಲಿ ಕ್ಯಾನ್ಸರ್ ಬಗ್ಗೆ ಕನ್ನಡ ಬೇಕಾದಷ್ಟಿದೆ. ಲಕ್ಷ್ಮಣಫಲ, ಗೋಮೂತ್ರ, ಅರಿಶಿನ, ಬಿಸಿನೀರು. ಸುಳ್ಳಿಗೆ ಅಚ್ಚಗನ್ನಡ ಸಿಕ್ಕಿದೆ, ವಿಜ್ಞಾನಕ್ಕೆ ಇಂಗ್ಲಿಷ್ ರಿಪೋರ್ಟು. ವಿಜ್ಞಾನ ಬಲ್ಲವರು ಸುಮ್ಮನಿದ್ದ ಜಾಗವನ್ನು ಸುಳ್ಳು ಬಂದು ತುಂಬಿತು ಅಷ್ಟೇ.

ಹಾಗಾಗಿ ಕನ್ನಡ ಪರ ಹೋರಾಟ ಅಂದಾಗ ನಾಮಫಲಕದ ಜೊತೆಗೆ ಇದನ್ನೂ ಸೇರಿಸೋಣ ಅಂತ ನನ್ನ ವಾದ. ಸರ್ಕಾರಿ ಇರಲಿ ಖಾಸಗಿ ಇರಲಿ, ಕರ್ನಾಟಕದ ಪ್ರತಿ ಕ್ಯಾನ್ಸರ್ ರಿಪೋರ್ಟಿನ ಜೊತೆ ಒಂದು ಪುಟದ ಕನ್ನಡ ವಿವರಣೆ ಕಡ್ಡಾಯವಾಗಲಿ. ಯಾವ ಬಗೆಯ ಕ್ಯಾನ್ಸರ್, ಯಾವ ಹಂತ, ಹರ್-2 ಏನು ಬಂದಿದೆ, ಅದಕ್ಕೆ ಔಷಧ ಇದೆಯಾ, ಯಾವ ಯೋಜನೆಯಲ್ಲಿ ಸಿಗುತ್ತೆ. ಸಮ್ಮತಿ ಪತ್ರ ರೋಗಿಯ ಭಾಷೆಯಲ್ಲಿರಲಿ, ಸಹಿ ಅವಳದ್ದಿರಲಿ. ಮೆಡಿಕಲ್ ಕಾಲೇಜುಗಳಲ್ಲಿ ಕೆಟ್ಟ ಸುದ್ದಿಯನ್ನು ಕನ್ನಡದಲ್ಲಿ, ಗಂಡನಿಗಲ್ಲದೆ ಅವಳಿಗೇ, ಹೇಳೋದು ಹೇಗೆ ಅಂತ ಒಂದು ಪಾಠ ಇರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ.

ಅಲ್ಲಿಯವರೆಗೆ ನಿಮ್ಮ ಅಮ್ಮ, ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ, ಯಾರಿಗಾದರೂ ಈ ಕಾಯಿಲೆ ಅಂತ ಗೊತ್ತಾದರೆ ರಿಪೋರ್ಟನ್ನು ಅವರ ಪಕ್ಕದಲ್ಲಿ ಕೂತು, ಅವರಿಗೇ ಓದಿ ಹೇಳಿ. ಡಾಕ್ಟರನ್ನು ಕೇಳಬೇಕಾದದ್ದು ಇಷ್ಟು: ಹರ್-2 ಪರೀಕ್ಷೆ ಆಯಿತಾ? 2+ ಬಂದಿದ್ದರೆ ಫಿಶ್ ಮಾಡಿಸಿದಿರಾ? ಪಾಸಿಟಿವ್ ಆಗಿದ್ದರೆ ಬಯೋಸಿಮಿಲರ್ ಯಾವುದಿದೆ, ಬೆಲೆ ಎಷ್ಟು, ಆಯುಷ್ಮಾನ್ ಕಾರ್ಡಿಗೆ ಬರುತ್ತಾ? ಶುರು ಮಾಡುವ ಮುಂಚೆ ಹೃದಯದ ಎಕೋ ಆಯಿತಾ? ಕೇಳೋದು ಅವರೇ ಕೇಳಲಿ. ನೀವು ಪಕ್ಕದಲ್ಲಿದ್ದರೆ ಸಾಕು.